ಯೂಟಾ ಗ್ರಿಜ್ಲೀಸ್ ಹುಟ್ಟಿದ್ದು ಯಾವಾಗ? ಒಂದು ತಂಡ, ಮೂರು ವರ್ಷ

ಪ್ರಶ್ನೆ: ನಾವು ಅಮೆರಿಕದ ಯೂಟಾದಲ್ಲಿ, ಸಾಲ್ಟ್ ಲೇಕ್ ಸಿಟಿ ಪಕ್ಕದಲ್ಲಿದ್ದೇವೆ. ಹತ್ತು ವರ್ಷದ ಮಗನಿಗೆ ಯೂಟಾ ಗ್ರಿಜ್ಲೀಸ್ ಐಸ್ ಹಾಕಿ ತಂಡ ಅಂದ್ರೆ ಪ್ರಾಣ. ಶಾಲೆಗೆ ತಂಡದ ಇತಿಹಾಸದ ಚಾರ್ಟ್ ಮಾಡಲು ಕೂತ. ಒಂದು ಕಡೆ ತಂಡ ಶುರುವಾಗಿದ್ದು 1995 ಅಂತಿದೆ, ಇನ್ನೊಂದು ಕಡೆ 2005, ಮತ್ತೊಂದು ಕಡೆ 1988. ಯಾವುದು ಸರಿ? ಈಗ ತಂಡ ನ್ಯೂಜೆರ್ಸಿಯ ಟ್ರೆಂಟನ್‌ಗೆ ಹೋಗುತ್ತಿದೆ. ಈ ಲೀಗ್‌ನ ತಂಡಗಳು ಇಷ್ಟೊಂದು ಊರು ಬದಲಿಸುವುದು ಯಾಕೆ? ಅಲ್ಲಿಗೆ ಹೋದ ಮೇಲೂ ಅದು ನಮ್ಮ ತಂಡವೇ ಅಂತ ಮಗನಿಗೆ ಹೇಳಬಹುದಾ?

ಉತ್ತರ: ಮೂರೂ ಸರಿ. ನಿಮ್ಮ ಮಗ ತಪ್ಪು ಮಾಡಿಲ್ಲ, ಅವನು ನೋಡಿದ ಮೂರು ಕಡೆಯವರೂ ತಪ್ಪು ಬರೆದಿಲ್ಲ. ಅವರು ಮೂವರೂ ಬೇರೆ ಬೇರೆ ವಿಷಯ ಎಣಿಸಿದ್ದಾರೆ, ಅಷ್ಟೇ. ಇಂಥ ಸಣ್ಣ ಲೀಗ್‌ಗಳ ಸೀಸನ್ ಲೆಕ್ಕವನ್ನು ಬಹಳ ವರ್ಷದಿಂದ ಬರೆದಿಡುತ್ತಾ ಬಂದಿದ್ದೇನೆ. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ ಗೊಂದಲ.

ನಮ್ಮ ಮಲೆನಾಡು, ಕರಾವಳಿಯ ಪ್ರೈವೇಟ್ ಬಸ್ಸುಗಳನ್ನು ನೆನಪಿಸಿಕೊಳ್ಳಿ. ಬಸ್ಸಿನ ಹಣೆ ಮೇಲೆ ಒಂದು ಹೆಸರು ಇರುತ್ತದೆ. ಅದು ಓಡುವ ಊರುಗಳಿವೆ. ಇವೆರಡರ ಹಿಂದೆ ಕಣ್ಣಿಗೆ ಕಾಣದ ಒಂದು ಪರ್ಮಿಟ್ ಇದೆ. ಮಾಲೀಕರು ಬದಲಾದರೆ ಹೆಸರು ಅಳಿಸಿ ಬೇರೆ ಬರೆಯುತ್ತಾರೆ, ಪರ್ಮಿಟ್ ಮಾತ್ರ ಅದೇ. ಹಾಕಿಯಲ್ಲಿ ಫ್ರಾಂಚೈಸಿ ಅಂದ್ರೆ ಆ ಪರ್ಮಿಟ್. ಲೀಗ್‌ನಲ್ಲಿ ಒಂದು ತಂಡ ನಡೆಸುವ ಹಕ್ಕು ಅದು. ಒಂದೇ ವ್ಯತ್ಯಾಸ, ಬಸ್ಸಿನ ಪರ್ಮಿಟ್ ಒಂದು ರೂಟಿಗೆ ಅಂಟಿಕೊಂಡಿರುತ್ತದೆ. ಹಾಕಿಯ ಪರ್ಮಿಟ್ ಊರೂರು ತಿರುಗುತ್ತದೆ. ಹೆಸರು, ಊರು, ಪರ್ಮಿಟ್ ಈ ಮೂರೂ ಯಾವಾಗಲೂ ಒಟ್ಟಿಗೇ ಹೋಗುವುದಿಲ್ಲ ಅನ್ನುವುದು ಗೊತ್ತಾದರೆ ಸಾಕು, ಎಲ್ಲ ಬಿಡಿಸಿಕೊಳ್ಳುತ್ತದೆ.

ಐಪಿಎಲ್ ನೋಡುವ ಹುಡುಗನಾದರೆ ಇನ್ನೂ ಸುಲಭ. ಡೆಕ್ಕನ್ ಚಾರ್ಜರ್ಸ್, ಸನ್‌ರೈಸರ್ಸ್ ಎರಡೂ ಹೈದರಾಬಾದ್ ತಂಡಗಳೇ. ಆದರೆ ಫ್ರಾಂಚೈಸಿ ಬೇರೆ ಬೇರೆ. ಡೆಲ್ಲಿ ಡೇರ್‌ಡೆವಿಲ್ಸ್ ಡೆಲ್ಲಿ ಕ್ಯಾಪಿಟಲ್ಸ್ ಆದಾಗ ಹೆಸರು ಬದಲಾಯಿತು, ಫ್ರಾಂಚೈಸಿ ಅದೇ ಉಳಿಯಿತು.

ಈಗ ಗ್ರಿಜ್ಲೀಸ್ ಕಡೆ ಬರೋಣ. ಮೊದಲು 1995ರ ಕಥೆ. ಅದು ಶುರುವಾಗುವುದು ಯೂಟಾದಲ್ಲಿ ಅಲ್ಲ, ಡೆನ್ವರ್‌ನಲ್ಲಿ. 1994-95ರಲ್ಲಿ ಇಂಟರ್‌ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಡೆನ್ವರ್ ಗ್ರಿಜ್ಲೀಸ್ ಅಂತ ಒಂದು ತಂಡ ಇತ್ತು. ಆಡಿದ ಮೊದಲ ಸೀಸನ್‌ನಲ್ಲೇ ಆ ಲೀಗ್‌ನ ಟರ್ನರ್ ಕಪ್ ಗೆದ್ದಿತು. ಆದರೆ 1995ರಲ್ಲಿ ಕ್ವಿಬೆಕ್‌ನಿಂದ ಎನ್‌ಎಚ್‌ಎಲ್ (ಐಸ್ ಹಾಕಿಯ ಅತಿ ದೊಡ್ಡ ಲೀಗ್) ತಂಡವೊಂದು ಡೆನ್ವರ್‌ಗೆ ಬಂತು, ಅದೇ ಈಗಿನ ಕೊಲರಾಡೊ ಅವಲಾಂಚ್. ದೊಡ್ಡ ಲೀಗ್ ಬಂದ ಊರಿನಲ್ಲಿ ಸಣ್ಣ ತಂಡಕ್ಕೆ ಜಾಗ ಇರಲಿಲ್ಲ. ಗ್ರಿಜ್ಲೀಸ್ ಹೆಸರು ಸಮೇತ ಸಾಲ್ಟ್ ಲೇಕ್‌ಗೆ ಬಂದು, ಮರುವರ್ಷ ಮತ್ತೆ ಟರ್ನರ್ ಕಪ್ ಗೆದ್ದಿತು. 2001ರಲ್ಲಿ ಆ ಲೀಗ್ ಮುಚ್ಚಿದಾಗ ಆರು ತಂಡಗಳು ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್ ಆದ ಎಎಚ್‌ಎಲ್‌ಗೆ ಸೇರಿದವು. ಗ್ರಿಜ್ಲೀಸ್ ಅದರಲ್ಲೊಂದು. 2005ರಲ್ಲಿ ಆ ತಂಡ ಆಟ ನಿಲ್ಲಿಸಿತು. ಪರ್ಮಿಟ್ ಮಾತ್ರ ಸಾಯಲಿಲ್ಲ. ಎರಡು ವರ್ಷ ಸುಮ್ನೆ ಮಲಗಿತ್ತು, ಅಷ್ಟರಲ್ಲಿ ಕ್ಲೀವ್‌ಲ್ಯಾಂಡ್‌ನವರು ಕೊಂಡುಕೊಂಡರು. 2007ರಲ್ಲಿ ಅದು ಲೇಕ್ ಈರಿ ಮಾನ್‌ಸ್ಟರ್ಸ್ ಆಯಿತು, 2016ರಲ್ಲಿ ಎಎಚ್‌ಎಲ್‌ನ ಕ್ಯಾಲ್ಡರ್ ಕಪ್ ಗೆದ್ದಿತು, ಈಗ ಅದರ ಹೆಸರು ಕ್ಲೀವ್‌ಲ್ಯಾಂಡ್ ಮಾನ್‌ಸ್ಟರ್ಸ್. ಅಂದರೆ 1995ರಲ್ಲಿ ನಿಮ್ಮೂರಿಗೆ ಬಂದ ಪರ್ಮಿಟ್ ಇವತ್ತು ಒಹಾಯೊದಲ್ಲಿದೆ.

ಹಾಗಾದರೆ ನಿಮ್ಮ ಮಗ ಮ್ಯಾವೆರಿಕ್ ಸೆಂಟರ್ ಅರೀನಾದಲ್ಲಿ ನೋಡಿದ್ದು ಯಾರನ್ನು? 2005ರಲ್ಲಿ ಹಳೆಯ ತಂಡ ಹೋದ ಜಾಗಕ್ಕೆ ಒಂದು ಮೆಟ್ಟಿಲು ಕೆಳಗಿನ ಲೀಗ್‌ನಿಂದ, ಇಸಿಎಚ್‌ಎಲ್‌ನಿಂದ, ಬೇರೆಯೇ ಫ್ರಾಂಚೈಸಿ ಬಂತು. ಅದೇ ಹೆಸರು ಹಾಕಿಕೊಂಡಿತು, ಅದೇ ಅರೀನಾದಲ್ಲಿ ಆಡಿತು. ಆ ವರ್ಷ ಸ್ಟ್ಯಾಂಡಿನಲ್ಲಿ ಕೂತವರಿಗೆ ಏನೂ ಬದಲಾದಂತೆ ಕಾಣಿಸಿರಲಿಕ್ಕಿಲ್ಲ. ದಾಖಲೆ ಬರೆಯುವವರಿಗೆ ಮಾತ್ರ ಅಲ್ಲಿ ಹೊಸ ಪುಟ ಶುರು.

ಆ ಎರಡನೇ ಪರ್ಮಿಟ್‌ನ ಜಾತಕ ಹಿಡಿದು ಹಿಂದೆ ಹೋದರೆ 1988 ಸಿಗುತ್ತದೆ. ಈ ಭಾಗ ನನಗೆ ತುಂಬ ಇಷ್ಟ, ಸ್ವಲ್ಪ ಜಾಸ್ತಿ ಬರೆಯುತ್ತೇನೆ.

1988ರಲ್ಲಿ ಈಸ್ಟ್ ಕೋಸ್ಟ್ ಹಾಕಿ ಲೀಗ್, ಅಂದರೆ ಇಸಿಎಚ್‌ಎಲ್, ಶುರುವಾದಾಗ ಇದ್ದದ್ದು ಐದೇ ತಂಡ. ಕ್ಯಾರಲೈನಾ ಥಂಡರ್‌ಬರ್ಡ್ಸ್, ಈರಿ ಪ್ಯಾಂಥರ್ಸ್, ಜಾನ್ಸ್‌ಟೌನ್ ಚೀಫ್ಸ್, ನಾಕ್ಸ್‌ವಿಲ್ ಚೆರೋಕೀಸ್, ವರ್ಜೀನಿಯಾ ಲ್ಯಾನ್ಸರ್ಸ್. ಲ್ಯಾನ್ಸರ್ಸ್ ಆಡುತ್ತಿದ್ದದ್ದು ರೋನೋಕ್ ಕಣಿವೆಯ ವಿಂಟನ್ ಅನ್ನುವ ಸಣ್ಣ ಊರಿನಲ್ಲಿ. ಅಲ್ಲಿನ ರಿಂಕ್‌ನ ಹೆಸರು ಲ್ಯಾನ್ಸರ್‌ಲಾಟ್. ಅದರ ಮಾಲೀಕ ಹೆನ್ರಿ ಬ್ರಾಬಮ್, ಲೀಗ್ ಹುಟ್ಟುಹಾಕಿದವರಲ್ಲಿ ಒಬ್ಬರು. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದ ತಂಡಕ್ಕೆ ಇವತ್ತಿಗೂ ಕೊಡುವುದು ಅವರ ಹೆಸರಿನ ಬ್ರಾಬಮ್ ಕಪ್. ತಂಡ 1990ರಲ್ಲಿ ರೋನೋಕ್ ವ್ಯಾಲಿ ರೆಬೆಲ್ಸ್ ಆಯಿತು, 1992ರಲ್ಲಿ ರೋನೋಕ್ ವ್ಯಾಲಿ ರ‍್ಯಾಂಪೇಜ್ ಆಯಿತು. ಕಣಿವೆ ಅದೇ, ಜೆರ್ಸಿ ಮೂರು.

1993ರ ಮಾರ್ಚ್‌ನಲ್ಲಿ ಅಮೆರಿಕದ ಪೂರ್ವ ಭಾಗಕ್ಕೆ ಭಯಂಕರ ಹಿಮಬಿರುಗಾಳಿ ಬಡಿಯಿತು. ಹಿಮದ ಭಾರಕ್ಕೆ ಲ್ಯಾನ್ಸರ್‌ಲಾಟ್‌ನ ಚಾವಣಿ ಕುಸಿಯಿತು. ಐಸ್ ಮೇಲೆ ಆಡುವ ಆಟದ ಮನೆ ಹಿಮದಿಂದಲೇ ಹೋಯಿತು. ಆ ಪರ್ಮಿಟ್ ಊರು ಬಿಟ್ಟು ಹೊರಟದ್ದು ಅದೇ ವರ್ಷ. 1993-94ರಲ್ಲಿ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಬ್ಲಾಸ್ಟ್ ಅನ್ನುವ ಹೆಸರಿನಲ್ಲಿ ಒಂದೇ ಒಂದು ಸೀಸನ್. 1994ರಿಂದ 2001ರವರೆಗೆ ಫ್ಲೋರಿಡಾದ ಟ್ಯಾಲಹಸ್ಸಿಯಲ್ಲಿ ಟೈಗರ್ ಶಾರ್ಕ್ಸ್. 2001-02ರಲ್ಲಿ ಜಾರ್ಜಿಯಾದ ಮೇಕನ್‌ನಲ್ಲಿ ಮೇಕನ್ ವೂಪಿ, ಅದೂ ಒಂದೇ ಸೀಸನ್. 2002-03ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್. ಅದು ರೇಸ್ ಕುದುರೆಗಳ ಊರು, ಹಾಗಾಗಿ ಮ್ಯಾನ್ ಓ ವಾರ್ ಅನ್ನುವ ಪ್ರಸಿದ್ಧ ಕುದುರೆಯ ಹೆಸರೇ ತಂಡಕ್ಕೆ ಬಂತು. ಅಲ್ಲೂ ಒಂದೇ ವರ್ಷ. ಆಮೇಲೆ ಎರಡು ವರ್ಷ ಆಟವೇ ಇಲ್ಲ. 2005ರಲ್ಲಿ ಯೂಟಾ.

ಎಣಿಸಿ ನೋಡಿ. ಲ್ಯಾನ್ಸರ್ಸ್‌ನಿಂದ ಗ್ರಿಜ್ಲೀಸ್‌ವರೆಗೆ ಎಂಟು ಹೆಸರು. ಕಣಿವೆಯನ್ನು ಒಂದೇ ಊರು ಅಂತ ಹಿಡಿದರೆ ಆರು ಊರು. ಇಷ್ಟು ಅಲೆದ ಪರ್ಮಿಟ್ ಯೂಟಾದಲ್ಲಿ ಮಾತ್ರ ಇಪ್ಪತ್ತೊಂದು ಸೀಸನ್ ನಿಂತಿತು. ಅದಕ್ಕಿಂತ ಮೊದಲು ಎಲ್ಲೂ ಅದು ಏಳು ವರ್ಷಕ್ಕಿಂತ ಜಾಸ್ತಿ ಇದ್ದದ್ದಿಲ್ಲ. ನಿಮ್ಮೂರಿನ ಜನ ಅದನ್ನು ಎಷ್ಟು ಚೆನ್ನಾಗಿ ನೋಡಿಕೊಂಡರು ಅನ್ನುವುದಕ್ಕೆ ಇದೇ ಸಾಕ್ಷಿ. ಚಾರ್ಟ್‌ನಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಬರೆಯಲು ಹೇಳಿ.

ಆ ಐದು ತಂಡಗಳಲ್ಲಿ ಉಳಿದ ನಾಲ್ಕರ ಗತಿ ಏನಾಯಿತು ಅಂತ ಕೇಳುತ್ತೀರಿ ಅಲ್ವಾ? ಥಂಡರ್‌ಬರ್ಡ್ಸ್ 1992ರಲ್ಲಿ ವೆಸ್ಟ್ ವರ್ಜೀನಿಯಾದ ವೀಲಿಂಗ್‌ಗೆ ಹೋಯಿತು. 1996ರಲ್ಲಿ ನೈಲರ್ಸ್ ಆಯಿತು, ಆ ಊರು ಒಂದು ಕಾಲದಲ್ಲಿ ಮೊಳೆ ತಯಾರಿಕೆಗೆ ಹೆಸರಾಗಿತ್ತು. ಇವತ್ತಿಗೂ ಅಲ್ಲೇ ಆಡುತ್ತಿದೆ. ಇತ್ತ ಅದು ಬಿಟ್ಟು ಬಂದ ವಿನ್‌ಸ್ಟನ್-ಸೇಲಂನಲ್ಲಿ 2017ರಿಂದ ಬೇರೊಂದು ಲೀಗ್‌ನಲ್ಲಿ ಮತ್ತೆ ಕ್ಯಾರಲೈನಾ ಥಂಡರ್‌ಬರ್ಡ್ಸ್ ಆಡುತ್ತಿದೆ. ಹೆಸರು ಊರಿಗೆ ವಾಪಸ್ ಬಂತು, ಪರ್ಮಿಟ್ ಬರಲಿಲ್ಲ. ನಾಕ್ಸ್‌ವಿಲ್ ತಂಡ 1997ರಲ್ಲಿ ಸೌತ್ ಕ್ಯಾರಲೈನಾದ ಫ್ಲಾರೆನ್ಸ್‌ಗೆ ಹೋಯಿತು. ಈರಿ ತಂಡ 1996ರಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ಗೆ ಹೋಯಿತು, 2004ರಲ್ಲಿ ಅಲ್ಲಿಂದ ಕೆನಡಾದ ವಿಕ್ಟೋರಿಯಾಕ್ಕೆ. 2011ರಲ್ಲಿ ವಿಕ್ಟೋರಿಯಾಕ್ಕೆ ಜೂನಿಯರ್ ಹಾಕಿ ತಂಡವೊಂದು ಬಂದ ವರ್ಷ ಅದು ಮುಚ್ಚಿತು. ಕಾಕತಾಳೀಯ ನೋಡಿ, 1996ರಲ್ಲಿ ಅದು ಈರಿ ಬಿಟ್ಟ ವರ್ಷವೂ ಅಲ್ಲಿಗೆ ಒಂದು ಜೂನಿಯರ್ ತಂಡ ಬಂದಿತ್ತು.

ಜಾನ್ಸ್‌ಟೌನ್ ಒಂದೇ ಕದಲದೆ ನಿಂತದ್ದು. ಪೆನ್ಸಿಲ್ವೇನಿಯಾದ ಉಕ್ಕಿನ ಕಾರ್ಖಾನೆಗಳ ಊರು ಅದು. ಕಾರ್ಖಾನೆ ಹೋದವು, ಜನ ಕಡಿಮೆಯಾದರು, ಚೀಫ್ಸ್ ಮಾತ್ರ ಸುಮಾರು 4,000 ಸೀಟಿನ ಹಳೆಯ ವಾರ್ ಮೆಮೋರಿಯಲ್ ಅರೀನಾದಲ್ಲಿ 22 ಸೀಸನ್ ಆಡಿತು. 2010ರಲ್ಲಿ ಸೌತ್ ಕ್ಯಾರಲೈನಾದ ಗ್ರೀನ್‌ವಿಲ್‌ಗೆ ಹೋಯಿತು. ನನ್ನ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟಕ್ಕೆ ಒಂದೊಂದು ಸೀಸನ್. ಎಡಗಡೆ ಆ ವರ್ಷ ಆಡಿದ ತಂಡಗಳು, ಬಲಗಡೆ ಹಿಂದಿನ ವರ್ಷಕ್ಕಿಂತ ಏನು ಬದಲಾಯಿತು ಅನ್ನುವುದು. 1988ರಿಂದ ಇಪ್ಪತ್ತೆರಡು ಪುಟ ಜಾನ್ಸ್‌ಟೌನ್ ಎದುರಿಗೆ ಬಲಗಡೆ ಖಾಲಿ. ಇಪ್ಪತ್ತಮೂರನೇ ಪುಟದಲ್ಲಿ ‘ಗ್ರೀನ್‌ವಿಲ್‌ಗೆ’ ಅಂತ ಬರೆಯುವಾಗ ಮನಸ್ಸಿಗೆ ನಿಜಕ್ಕೂ ಕಷ್ಟವಾಗಿತ್ತು.

ಇನ್ನು ಊರು ಬಿಡುವುದು ಯಾಕೆ ಅನ್ನುವ ಪ್ರಶ್ನೆ. ಈ ಹಂತದ ಹಾಕಿಯಲ್ಲಿ ದೊಡ್ಡ ಟಿವಿ ದುಡ್ಡು ಇಲ್ಲ. ತಂಡ ಬದುಕುವುದು ಟಿಕೆಟ್ ಮತ್ತು ಊರಿನ ಅಂಗಡಿ-ಕಂಪನಿಗಳ ಜಾಹೀರಾತಿನಿಂದ. ಒಂದು ಸೀಸನ್‌ಗೆ 72 ಪಂದ್ಯ, ಅದರಲ್ಲಿ ಸ್ವಂತ ಊರಿನಲ್ಲಿ 36. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಆ 36 ಸಂಜೆಗಳಲ್ಲಿ ವರ್ಷದ ಖರ್ಚು ಹುಟ್ಟಬೇಕು. ಅರೀನಾ ಹೆಚ್ಚಾಗಿ ತಂಡದ್ದಲ್ಲ, ಬಾಡಿಗೆಯದು. ಲೀಸ್ ಮುಗಿದಾಗ ಷರತ್ತು ಬದಲಾದರೆ ತಂಡದ ಲೆಕ್ಕವೇ ತಲೆಕೆಳಗು. ಮಾಲೀಕರಿಗೆ ಎರಡು ಮೂರು ವರ್ಷ ನಷ್ಟ ತಡೆಯುವ ಶಕ್ತಿ ಇರಬೇಕು, ಎಲ್ಲರಿಗೂ ಇರುವುದಿಲ್ಲ. 2008ರ ಡಿಸೆಂಬರ್ ಒಂದರಲ್ಲೇ ಅಗಸ್ಟಾ ಲಿಂಕ್ಸ್, ಫ್ರೆಸ್ನೋ ಫಾಲ್ಕನ್ಸ್ ಎರಡೂ ಸೀಸನ್ ಮಧ್ಯದಲ್ಲೇ ಬಾಗಿಲು ಹಾಕಿದವು. ಜಗತ್ತಿನ ಆರ್ಥಿಕತೆ ಕುಸಿದಿದ್ದ ದಿನಗಳು ಅವು. 2014ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬುಲ್ಸ್ ಕೂಡ ಹಾಗೆಯೇ ನಿಂತಿತು. ಹೀಗೆ ಮಧ್ಯದಲ್ಲಿ ನಿಂತರೆ ಆಟಗಾರರು ರಾತ್ರೋರಾತ್ರಿ ಬೇರೆ ತಂಡ ಹುಡುಕಬೇಕು, ಲೀಗ್ ಉಳಿದ ವೇಳಾಪಟ್ಟಿಯನ್ನು ಹೊಸದಾಗಿ ಹೆಣೆಯಬೇಕು.

ದೂರವೂ ಒಂದು ಖರ್ಚು. ಅಲಾಸ್ಕಾ ಏಸಸ್ ಮೂರು ಸಲ ಕೆಲ್ಲಿ ಕಪ್, ಅಂದರೆ ಇಸಿಎಚ್‌ಎಲ್‌ನ ಕಪ್, ಗೆದ್ದ ತಂಡ. ಈ ಲೀಗ್‌ನಲ್ಲಿ ಜಾಸ್ತಿ ಓಡಾಟ ಬಸ್ಸಿನಲ್ಲೇ, ಆದರೆ ಆಂಕರೇಜ್‌ಗೆ ಯಾರು ಹೋಗಬೇಕಾದರೂ ವಿಮಾನವೇ ಗತಿ. 2017ರಲ್ಲಿ ಆ ತಂಡ ಅಲ್ಲಿ ಆಟ ನಿಲ್ಲಿಸಿತು. ಪರ್ಮಿಟ್ ದೇಶದ ಇನ್ನೊಂದು ಮೂಲೆಗೆ, ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ ಹೋಗಿ 2018ರಲ್ಲಿ ಮೇನ್ ಮ್ಯಾರಿನರ್ಸ್ ಆಯಿತು.

ಮೇಲಿನ ಲೀಗ್‌ಗಳ ತೀರ್ಮಾನವೂ ಕೆಳಗಿನವರನ್ನು ಅಲುಗಾಡಿಸುತ್ತದೆ. ಎನ್‌ಎಚ್‌ಎಲ್ ತಂಡದ ಕೆಳಗೆ ಎಎಚ್‌ಎಲ್ ತಂಡ, ಅದರ ಕೆಳಗೆ ಇಸಿಎಚ್‌ಎಲ್ ತಂಡ, ಹೀಗೆ ಏಣಿ. 2015ರಲ್ಲಿ ಪಶ್ಚಿಮ ಭಾಗದ ಕೆಲವು ಎನ್‌ಎಚ್‌ಎಲ್ ತಂಡಗಳು ತಮ್ಮ ಎಎಚ್‌ಎಲ್ ತಂಡ ಹತ್ತಿರದಲ್ಲೇ ಇರಲಿ ಅಂತ ಕ್ಯಾಲಿಫೋರ್ನಿಯಾಕ್ಕೆ ತಂದುಕೊಂಡವು. ಆಗ ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್‌ನಲ್ಲಿ ಆದದ್ದು ನೋಡಿ. ಎಎಚ್‌ಎಲ್‌ನ ಮ್ಯಾಂಚೆಸ್ಟರ್ ಮೊನಾರ್ಕ್ಸ್ ಆ ಜೂನ್‌ನಲ್ಲಿ ಕ್ಯಾಲ್ಡರ್ ಕಪ್ ಗೆದ್ದಿತು. ಅಕ್ಟೋಬರ್‌ನಲ್ಲಿ ಅದೇ ಅರೀನಾ, ಅದೇ ಮೊನಾರ್ಕ್ಸ್ ಹೆಸರು. ಆದರೆ ಐಸ್ ಮೇಲಿದ್ದದ್ದು ಕ್ಯಾಲಿಫೋರ್ನಿಯಾದ ಆಂಟೇರಿಯೊ ಊರಿನಿಂದ ಬಂದ ಇಸಿಎಚ್‌ಎಲ್ ಫ್ರಾಂಚೈಸಿ. ಕಪ್ ಗೆದ್ದ ಫ್ರಾಂಚೈಸಿ ಆಂಟೇರಿಯೊಗೆ ಹೋಗಿ ಅಲ್ಲಿನ ಹಳೆಯ ಹೆಸರು, ರೇನ್, ಅದನ್ನೇ ಇಟ್ಟುಕೊಂಡಿತು. ಎರಡೂ ಊರಿನಲ್ಲಿ ಹೆಸರು ಉಳಿಯಿತು, ಪರ್ಮಿಟ್ ಅದಲು ಬದಲಾಯಿತು. ದಾಖಲೆ ಇಡುವಾಗ ನಾನೂ ಮೊದಲು ಮ್ಯಾಂಚೆಸ್ಟರ್‌ನ ಎರಡು ತಂಡಗಳ ಗೆಲುವುಗಳನ್ನು ಒಂದೇ ಸಾಲಿನಲ್ಲಿ ಕೂಡಿಬಿಟ್ಟಿದ್ದೆ, ಆಮೇಲೆ ಬಿಡಿಸಿ ಬರೆಯಬೇಕಾಯಿತು.

ಹಾಗಂತ ಬದಲಾವಣೆ ಎಲ್ಲ ಕೆಟ್ಟ ಸುದ್ದಿಯೇ ಅಲ್ಲ. ಕೊಲರಾಡೊ ಈಗಲ್ಸ್ ಊರು ಬಿಡದೆಯೇ ಮೂರು ಲೀಗ್ ನೋಡಿದೆ. 2003ರಲ್ಲಿ ಸೆಂಟ್ರಲ್ ಹಾಕಿ ಲೀಗ್, 2011ರಲ್ಲಿ ಇಸಿಎಚ್‌ಎಲ್, 2017 ಮತ್ತು 2018ರಲ್ಲಿ ಸತತ ಎರಡು ಕೆಲ್ಲಿ ಕಪ್ ಗೆದ್ದು ಆಮೇಲೆ ಎಎಚ್‌ಎಲ್. ಟೊಲೀಡೊ ಊರಿನ ಸ್ಟಾರ್ಮ್ ತಂಡ 2007ರಲ್ಲಿ ನಿಂತಾಗ ಮುಗಿಯಿತು ಅಂದುಕೊಂಡವರೇ ಜಾಸ್ತಿ. ಎರಡು ವರ್ಷ ಬಿಟ್ಟು ಹೊಸ ಅರೀನಾದಲ್ಲಿ ಅದೇ ಪರ್ಮಿಟ್ ವಾಲ್‌ಐ ಅನ್ನುವ ಹೆಸರಿನಲ್ಲಿ ಎದ್ದು ಬಂತು. ವಾಲ್‌ಐ ಅಂದ್ರೆ ಈರಿ ಸರೋವರದ ಒಂದು ಮೀನು. ಇವತ್ತು ಲೀಗ್‌ನ ಗಟ್ಟಿ ತಂಡಗಳಲ್ಲಿ ಅದೂ ಒಂದು.

ಲೀಗ್ ಕೂಡ ಹೀಗೆಯೇ ಬೆಳೆಯಿತು. 2003ರಲ್ಲಿ ವೆಸ್ಟ್ ಕೋಸ್ಟ್ ಹಾಕಿ ಲೀಗ್‌ನ ಏಳು ತಂಡಗಳು ಸೇರಿದವು, 2003-04ರಲ್ಲಿ ಒಟ್ಟು 31 ತಂಡ. ಪಶ್ಚಿಮದ ತಂಡಗಳೂ ಬಂದ ಮೇಲೆ ‘ಈಸ್ಟ್ ಕೋಸ್ಟ್’ ಅನ್ನುವುದು ಹೊಂದುತ್ತಿರಲಿಲ್ಲ, ಹಾಗಾಗಿ ಬರೀ ಇಸಿಎಚ್‌ಎಲ್ ಅನ್ನುವುದೇ ಅಧಿಕೃತ ಹೆಸರಾಯಿತು. 2014ರಲ್ಲಿ ಸೆಂಟ್ರಲ್ ಹಾಕಿ ಲೀಗ್ ನಿಂತಾಗ ಅದರ ಏಳು ತಂಡಗಳೂ ಇಲ್ಲಿಗೇ ಬಂದವು. ಟಲ್ಸಾ ಆಯಿಲರ್ಸ್ ಅದರಲ್ಲೊಂದು. ಒಂದು ಪಟ್ಟಿಯಲ್ಲಿ ಅದು 1992ರ ತಂಡ, ಇನ್ನೊಂದರಲ್ಲಿ 2014ರದ್ದು. ಮೊದಲನೆಯದು ತಂಡದ ವಯಸ್ಸು, ಎರಡನೆಯದು ಈ ಲೀಗ್‌ಗೆ ಬಂದ ವರ್ಷ.

ಚಾರ್ಟ್ ಮಾಡುವಾಗ ಮಗ ಎಡವಬಹುದಾದ ಇನ್ನೆರಡು ಜಾಗ ಇವೆ. ಸೀಸನ್ ಎರಡು ವರ್ಷದ ಮೇಲೆ ಕೂರುತ್ತದೆ, ನಮ್ಮ ರಣಜಿ ಟ್ರೋಫಿಯ ಹಾಗೆ. ‘2024ರಲ್ಲಿ ಸೇರಿತು’ ಅಂದರೆ 2024-25ರ ಸೀಸನ್. ‘2024ರ ಕಪ್’ ಅಂದರೆ 2023-24ರ ಸೀಸನ್‌ನ ಕಪ್. ಇನ್ನೊಂದು ಕೋವಿಡ್ ಕಾಲ. 2019-20ರ ಸೀಸನ್ ಮಾರ್ಚ್‌ನಲ್ಲೇ ರದ್ದಾಯಿತು, ಆ ವರ್ಷ ಕೆಲ್ಲಿ ಕಪ್ ಯಾರಿಗೂ ಇಲ್ಲ. 2020-21 ಡಿಸೆಂಬರ್‌ನಲ್ಲಿ ತಡವಾಗಿ ಶುರುವಾಯಿತು, ಅರ್ಧದಷ್ಟು ತಂಡಗಳು ಆಡಲೇ ಇಲ್ಲ. ಆ ಪಟ್ಟಿಯಲ್ಲಿ ಕಾಣದ ತಂಡಗಳೆಲ್ಲ ಮುಚ್ಚಿದವು ಅಂತ ಬರೆಯಬಾರದು. ಬ್ರ್ಯಾಂಪ್ಟನ್ ಬೀಸ್ಟ್ ಆಗ ನಿಜಕ್ಕೂ ಮುಚ್ಚಿತು, ಆದರೆ ಮೇನ್, ರೆಡಿಂಗ್, ವೂಸ್ಟರ್ ಮರುವರ್ಷ ವಾಪಸ್ ಬಂದವು.

ಈಗ ನಿಮ್ಮೂರಿನ ವಿಷಯ. 2024ರಲ್ಲಿ ಸಾಲ್ಟ್ ಲೇಕ್‌ಗೆ ಎನ್‌ಎಚ್‌ಎಲ್ ಬಂತು, ಈಗಿನ ಯೂಟಾ ಮ್ಯಾಮತ್. ಅರಿಜೋನಾ ಕೊಯೋಟೀಸ್‌ನ ಆಟಗಾರರು, ಕೋಚ್‌ಗಳು ಬಂದರು. ಆದರೆ ಲೀಗ್ ಅದನ್ನು ಹೊಸ ತಂಡ ಅಂತಲೇ ದಾಖಲಿಸಿತು, ಕೊಯೋಟೀಸ್‌ನ ಹಳೆಯ ದಾಖಲೆ ಯೂಟಾಕ್ಕೆ ಬರಲಿಲ್ಲ. ದೊಡ್ಡ ಲೀಗ್‌ನಲ್ಲೂ ಆಟಗಾರರು ಒಂದು ಕಡೆ, ಪರ್ಮಿಟ್ ಒಂದು ಕಡೆ ಆಗುವುದುಂಟು. ಅದಾಗಿ ಎರಡು ಸೀಸನ್‌ಗೆ ಗ್ರಿಜ್ಲೀಸ್ ಹೊರಟಿತು. 2025-26 ಯೂಟಾದಲ್ಲಿ ಕೊನೆಯ ಸೀಸನ್, 2026-27ರಿಂದ ಟ್ರೆಂಟನ್ ಐರನ್‌ಹಾಕ್ಸ್. ಕಾರಣ ಅದೊಂದೇ ಅಂತ ನಾನು ಹೇಳಲಾರೆ. ಆದರೆ 1995ರಲ್ಲಿ ಎನ್‌ಎಚ್‌ಎಲ್ ಡೆನ್ವರ್‌ಗೆ ಬಂದದ್ದರಿಂದ ಗ್ರಿಜ್ಲೀಸ್ ಹೆಸರು ನಿಮ್ಮೂರಿಗೆ ಸಿಕ್ಕಿತ್ತು, ಸುಮಾರು ಮೂವತ್ತು ವರ್ಷ ಕಳೆದು ಎನ್‌ಎಚ್‌ಎಲ್ ನಿಮ್ಮೂರಿಗೇ ಬಂದ ಮೇಲೆ ತಂಡ ಹೊರಟಿದೆ. ಟ್ರೆಂಟನ್‌ಗೂ ಇದು ಹೊಸದಲ್ಲ. ಅಲ್ಲಿ 1999ರಿಂದ 2013ರವರೆಗೆ ಇದೇ ಲೀಗ್‌ನ ತಂಡ ಇತ್ತು. 2005ರಲ್ಲಿ ಟೈಟನ್ಸ್ ಅನ್ನುವ ಹೆಸರಿನಲ್ಲಿ ಕೆಲ್ಲಿ ಕಪ್ ಕೂಡ ಗೆದ್ದಿತ್ತು. ಹದಿಮೂರು ವರ್ಷ ಕಾದ ಊರದು. ಅಲ್ಲೂ ನಿಮ್ಮ ಮಗನಂಥ ಮಕ್ಕಳಿದ್ದಾರೆ.

ಹಾಗಾದರೆ ಟ್ರೆಂಟನ್ ತಂಡ ನಿಮ್ಮದೇನಾ? ಪರ್ಮಿಟ್ ಪ್ರಕಾರ ಹೌದು. ಆದರೆ ಮಗನಿಗೆ ಹಾಗೆ ಹೇಳಿ ಸಮಾಧಾನ ಮಾಡಬೇಡಿ ಅಂತ ನನ್ನ ಸಲಹೆ. ಅವನು ಪ್ರೀತಿಸಿದ್ದು ಪರ್ಮಿಟ್ಟನ್ನಲ್ಲ. ಈ ಲೀಗ್‌ನಲ್ಲಿ ಆಟಗಾರರ ಒಪ್ಪಂದವೂ ಒಂದೊಂದು ಸೀಸನ್‌ಗೆ, ಹಾಗಾಗಿ ಅವನು ಕೂಗಿ ಕರೆದ ಹೆಸರುಗಳೆಲ್ಲ ಅಲ್ಲಿರುತ್ತವೆ ಅನ್ನುವ ಖಾತ್ರಿ ಇಲ್ಲ. ಅವನಿಗೆ ಇಷ್ಟವಾದ ಆಟಗಾರ ಯಾರಾದರೂ ಇದ್ದರೆ ಆ ಆಟಗಾರನನ್ನೇ ಹಿಂಬಾಲಿಸಲಿ. ಇಲ್ಲಿಂದ ಮೇಲಕ್ಕೆ ದಾರಿ ಇದೆ. ಇಸಿಎಚ್‌ಎಲ್‌ನಲ್ಲಿ ಆಡಿ ಎನ್‌ಎಚ್‌ಎಲ್‌ ತಲುಪಿದವರು 700ಕ್ಕೂ ಹೆಚ್ಚು. ರೆಡಿಂಗ್‌ನಲ್ಲಿ ಗೋಲಿ ಆಗಿದ್ದ ಜೊನಾಥನ್ ಕ್ವಿಕ್, ಕಲಮಜೂನಲ್ಲಿ ಗೋಲಿ ಆಗಿದ್ದ ಜೋರ್ಡನ್ ಬಿನ್ನಿಂಗ್ಟನ್ ಇಬ್ಬರೂ ಮುಂದೆ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಎತ್ತಿದವರು.

ಚಾರ್ಟ್‌ನಲ್ಲಿ ಮೂರು ಗೆರೆ ಎಳೆಯಲು ಹೇಳಿ. ಮೊದಲನೆಯದು ಹೆಸರಿನ ಗೆರೆ, 1994ರಲ್ಲಿ ಡೆನ್ವರ್‌ನಲ್ಲಿ ಶುರುವಾಗಿ 1995ರಲ್ಲಿ ಯೂಟಾಕ್ಕೆ ಬಂದು 2026ರವರೆಗೆ. ಎರಡನೆಯದು ಪರ್ಮಿಟ್‌ನ ಗೆರೆ, 1988ರಲ್ಲಿ ವಿಂಟನ್‌ನಿಂದ ಹೊರಟು ಟ್ರೆಂಟನ್ ಕಡೆಗೆ ಬಾಣ. ಮೂರನೆಯದು ಆ ಎರಡೂ ಸೇರಿ ನಿಮ್ಮೂರಲ್ಲಿ ಆಡಿದ ವರ್ಷಗಳು, 2005-06ರಿಂದ 2025-26, ಒಟ್ಟು ಇಪ್ಪತ್ತೊಂದು ಸೀಸನ್. ಹಳೆಯ ಟಿಕೆಟ್ ತುಂಡುಗಳು ಮನೆಯಲ್ಲಿದ್ದರೆ ತಾರೀಕು ನೋಡಿ ಆ ಮೂರನೇ ಗೆರೆಯ ಪಕ್ಕ ಅಂಟಿಸಲಿ. ಅಷ್ಟು ಭಾಗ ಅವನು ಎಲ್ಲೂ ಓದಿ ತಿಳಿದದ್ದಲ್ಲ, ಕಣ್ಣಾರೆ ನೋಡಿದ್ದು.